ತೂತು ಮುಚ್ಚಿದ ಮೇಲೂ ಕಣ್ಣಿಡಬೇಕೇ?

ಪ್ರಶ್ನೆ: ನನ್ನ 11 ವರ್ಷದ ಮಗಳ ಹೃದಯದ ಮೇಲಿನ ಎರಡು ಕೋಣೆಗಳ ನಡುವೆ ಇದ್ದ ತೂತನ್ನು ಮೂರು ವಾರಗಳ ಹಿಂದೆ ಮಂಗಳೂರಿನಲ್ಲಿ ತೊಡೆಸಂದಿಯಿಂದ ನಳಿಗೆ ತೂರಿಸಿ, ತಂತಿಬಲೆಯ ಪುಟ್ಟ ಮುಚ್ಚಳದಂಥ ಡಿವೈಸ್ ಕೂರಿಸಿ ಮುಚ್ಚಿದ್ದಾರೆ. ಈಗ ಒಮ್ಮೊಮ್ಮೆ ಎದೆ ಡವಡವ ಎನ್ನುತ್ತದೆ ಎನ್ನುತ್ತಾಳೆ. ಡಿವೈಸ್ ಜಾರಿಬಿಡುತ್ತದೆ ಎಂದು ನೆರೆಯವರು ಹೆದರಿಸಿದ್ದಾರೆ. ಹುಳುಕು ಹಲ್ಲೊಂದನ್ನು ಕೀಳಿಸುವುದೂ ಇದೆ. ಏನು ಮಾಡಲಿ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಡಿವೈಸ್ ಜಾರುವುದುಂಟು, ಆದರೆ ಅದು ನೂರರಲ್ಲಿ ಒಬ್ಬರ ಆಸುಪಾಸಿನ ಮಾತು; ಅದೂ ಬಹುಪಾಲು ಮೊದಲ ಒಂದೆರಡು ದಿನಗಳಲ್ಲಿ. ಮನೆಗೆ ಕಳುಹಿಸುವ ಮೊದಲು ಎಕೋ (ಹೃದಯದ ಸ್ಕ್ಯಾನಿಂಗ್) ಮಾಡಿ ನೋಡುವುದು ಇದಕ್ಕಾಗಿಯೇ. ನಿಕಲ್ ಮತ್ತು ಟೈಟೇನಿಯಂ ಬೆರೆತ ತಂತಿಯ ಆ ಬಲೆಯ ಮೇಲೆ ಮೂರರಿಂದ ಆರು ತಿಂಗಳಲ್ಲಿ ದೇಹದ ಒಳಪೊರೆ ಬೆಳೆದುಕೊಳ್ಳುತ್ತದೆ. ಆ ಬಳಿಕ ಜಾರುವ ಭಯ ಇಲ್ಲವೆಂದೇ ಹೇಳಬಹುದು.

ನನ್ನ ಮಟ್ಟಿಗೆ ನೀವು ತಿಳಿದಿರಬೇಕಾದ ಅಪಾಯ ನೆರೆಯವರು ಹೇಳದೆ ಬಿಟ್ಟದ್ದು. ತೂತಿನ ಅಂಚು ಮಹಾಪಧಮನಿಯ (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ) ಕಡೆಗೆ ಗಿಡ್ಡವಾಗಿದ್ದು, ಕೂರಿಸಿದ ಡಿವೈಸ್ ಅಳತೆ ಮೀರಿ ದೊಡ್ಡದಾಗಿದ್ದರೆ, ಅದರ ಅಂಚು ಹೃದಯದ ಗೋಡೆಯನ್ನು ಸವೆಸಿ ತೂತು ಮಾಡಿ, ಹೃದಯದ ಹೊರಚೀಲದಲ್ಲಿ ರಕ್ತ ತುಂಬುವಂತೆ ಮಾಡಬಹುದು. ಇದು ಸಾವಿರದಲ್ಲಿ ಒಬ್ಬರಿಂದ ಮೂವರಿಗೆ ಮಾತ್ರ ಆಗುವಷ್ಟು ಅಪರೂಪ. ಹೆಚ್ಚಿನವು ಮೊದಲ ವರ್ಷದೊಳಗೆ ಆದರೂ ವರ್ಷಗಳ ನಂತರ ಕಾಣಿಸಿಕೊಂಡದ್ದೂ ಇದೆ. ಹೊಸದಾಗಿ ಎದೆನೋವು, ಏದುಸಿರು, ಕಣ್ಣು ಕತ್ತಲೆ ಬರುವುದು ಅಥವಾ ಪ್ರಜ್ಞೆ ತಪ್ಪುವುದು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ಆಪರೇಷನ್ ಮಾಡಿದವರ ಬಳಿಗೇ ಹೋಗಬೇಕೆಂದು ಐವತ್ತು ಕಿಲೋಮೀಟರ್ ದೂರದ ಮಂಗಳೂರಿಗೆ ಹೊರಡುವ ಬದಲು, ಎಕೋ ಸೌಲಭ್ಯವಿರುವ ಹತ್ತಿರದ ಆಸ್ಪತ್ರೆಗೆ ಮೊದಲು ಹೋಗಿ, ಡಿವೈಸ್ ಹಾಕಿದೆ ಎಂದು ಬಾಗಿಲಲ್ಲೇ ತಿಳಿಸಿ.

ಡವಡವಕ್ಕೆ ಬರೋಣ. ಮೊದಲ ವಾರಗಳಲ್ಲಿ ಡಿವೈಸ್ ಒತ್ತಿದ ಜಾಗದಿಂದ ಹೆಚ್ಚುವರಿ ಮಿಡಿತಗಳು ಹುಟ್ಟುವುದು ಸಾಮಾನ್ಯ, ಹೆಚ್ಚಿನವು ತಾವಾಗಿ ನಿಲ್ಲುತ್ತವೆ. ಹಾಗೆಂದು ಊಹೆಯಲ್ಲಿ ಬಿಡುವುದು ಸರಿಯಲ್ಲ. ಇದೇ ವಾರ ಇಸಿಜಿ ಮಾಡಿಸಿ, ಬೇಕೆಂದರೆ ಮಿಡಿತವನ್ನು 24 ಗಂಟೆ ದಾಖಲಿಸುವ, ಮೈಮೇಲೆ ಧರಿಸುವ ಹೋಲ್ಟರ್ ಯಂತ್ರದ ಪರೀಕ್ಷೆ ಕೂಡ. ಕೆಳಕೋಣೆಗಳ ನಡುವಣ ತೂತು ಮುಚ್ಚಿಸಿಕೊಂಡವರಾಗಿದ್ದರೆ ನಾನು ಇನ್ನಷ್ಟು ಅವಸರಪಡಿಸುತ್ತಿದ್ದೆ, ಏಕೆಂದರೆ ಅಲ್ಲಿ ಮಿಡಿತದ ವಿದ್ಯುತ್ ಹಾದಿ ತೂತಿನ ಪಕ್ಕದಲ್ಲೇ ಹಾಯುವುದರಿಂದ, ಅದಕ್ಕೆ ಪೆಟ್ಟಾಗಿ ಪೇಸ್‌ಮೇಕರ್ ಬೇಕಾಗುವ ಸಂದರ್ಭಗಳಿವೆ.

ಹಲ್ಲು ಕೀಳಿಸುವುದನ್ನು ಸಾಧ್ಯವಾದರೆ ಆರು ತಿಂಗಳು ಮುಂದೂಡಿ. ಕೀವಾಗಿ ನೋಯುತ್ತಿದ್ದರೆ ಮುಂದೂಡುವುದೇ ತಪ್ಪು. ಆಗ ಹೃದ್ರೋಗ ವೈದ್ಯರನ್ನು ಕೇಳಿ, ಕೀಳುವ ಮುನ್ನ ಅರ್ಧದಿಂದ ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ಕೊಡಿಸಬೇಕು, ಇಲ್ಲವಾದರೆ ಬಾಯಿಯ ರೋಗಾಣು ಹೊಸ ಡಿವೈಸ್‌ಗೆ ಅಂಟಿಕೊಳ್ಳಬಹುದು. ರಕ್ತ ಹೆಪ್ಪುಗಟ್ಟದಿರಲು ಕೊಟ್ಟಿರುವ ಆಸ್ಪಿರಿನ್ ಗುಳಿಗೆಯನ್ನು ಹಲ್ಲಿನ ನೆಪದಲ್ಲಿ ನೀವೇ ನಿಲ್ಲಿಸಬೇಡಿ. ಅವಳಿಗೆ ಸೀತಾಳೆ ಸಿಡುಬು ಅಥವಾ ಫ್ಲೂ ಜ್ವರ ಬಂದರೆ ಮಾತ್ರ ಆ ದಿನವೇ ವೈದ್ಯರಿಗೆ ಫೋನ್ ಮಾಡಿ, ಮಕ್ಕಳಲ್ಲಿ ಅಂಥ ಜ್ವರದ ಜೊತೆ ಆಸ್ಪಿರಿನ್ ಸೇರಿದರೆ ಯಕೃತ್ತು, ಮೆದುಳಿಗೆ ಹಾನಿಯಾಗುವ ಅಪಾಯವಿದೆ.

ಶಾಲೆಗೆ ಕಳುಹಿಸಬಹುದು, ಓಟ, ಕಬಡ್ಡಿ ಯಾವಾಗಿನಿಂದ ಎಂಬುದನ್ನು ಮುಂದಿನ ಎಕೋ ನೋಡಿ ಹೇಳುತ್ತಾರೆ. ಡಿವೈಸ್‌ನ ಹೆಸರು, ಅಳತೆ, ಹಾಕಿದ ದಿನಾಂಕ ಇರುವ ಕಾರ್ಡನ್ನು ಕಪಾಟಿನಲ್ಲಿಡದೆ ಅವಳ ಚೀಲದಲ್ಲೇ ಇಡಿ.