ಗಿಡವನ್ನು ಹೊಗಳಿದ್ದು ಸಾಕು, ಚಿಕಿತ್ಸೆಯನ್ನು ಬರೆಯಿರಿ

ನಮಸ್ಕಾರ.

ನಿತ್ಯಪುಷ್ಪದಿಂದ, ಅಂದರೆ ಕಾಶಿಕಣಗಿಲೆಯಿಂದ, ತಯಾರಾಗುವ ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧದ ಬಗ್ಗೆ ನೀವು ಕಳುಹಿಸಿದ ಲೇಖನವನ್ನು ನಿಧಾನವಾಗಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಆದರೆ ಅದರೊಳಗೆ ಇನ್ನೊಂದು ಲೇಖನ ಅಡಗಿದೆ, ಅದು ನನಗೆ ಬೇಕು. ಅದಕ್ಕಾಗಿಯೇ ಒಂದು ಸಾಲಿನ ವಿಷಾದ ಪತ್ರದಲ್ಲಿ ಮುಗಿಸದೆ ಇಷ್ಟು ಬರೆಯುತ್ತಿದ್ದೇನೆ.

ಮೊದಲು ತಕರಾರು. ನಿಮ್ಮ ಆರಂಭದ ಪುಟಗಳೆಲ್ಲ ಗಿಡದ ಸ್ತುತಿ. ಅಂಗಳದ ಅಮೃತ, ಪ್ರಕೃತಿ ಮಾತೆಯ ವರ, ನಾವು ಕಡೆಗಣಿಸಿದ ನಿಧಿ. ಇವು ಬರೀ ಸವಕಲು ಮಾತುಗಳಾಗಿದ್ದರೆ ಕತ್ತರಿ ಹಾಕಿ ಮುಂದೆ ಹೋಗುತ್ತಿದ್ದೆ. ಆದರೆ ಎರಡನೆಯ ಪುಟದ ಕೊನೆಯಲ್ಲಿ ‘ದಿನಕ್ಕೆ ನಾಲ್ಕು ಎಲೆ ಅಗಿದರೆ ರಕ್ತ ಶುದ್ಧವಾಗುತ್ತದೆ ಎನ್ನುತ್ತಾರೆ ಹಿರಿಯರು’ ಎಂದು ಬರೆದಿದ್ದೀರಿ. ಹಿರಿಯರ ಹೆಸರು ಹೇಳಿದ ಮಾತ್ರಕ್ಕೆ ಆ ವಾಕ್ಯದ ಹೊಣೆ ನಿಮ್ಮಿಂದ ಕಳಚಿಕೊಳ್ಳುವುದಿಲ್ಲ.

ಅದನ್ನು ಯಾರು ಓದುತ್ತಾರೆಂದು ಯೋಚಿಸಿ. ಮಕ್ಕಳಿಗೆ ಬರುವ ರಕ್ತದ ಕ್ಯಾನ್ಸರುಗಳಲ್ಲಿ ಹೆಚ್ಚು ಕಾಣುವುದು ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ. ಈ ಔಷಧವೂ ಸೇರಿದ ಅದರ ಚಿಕಿತ್ಸೆ ಎರಡು ವರ್ಷಕ್ಕೂ ಮೀರಿ ನಡೆಯುತ್ತದೆ. ಆದರೆ ಮೊದಲ ತಿಂಗಳು ಮುಗಿಯುವಷ್ಟರಲ್ಲಿ ಹೆಚ್ಚಿನ ಮಕ್ಕಳ ರಕ್ತದಲ್ಲಿ, ಅಸ್ಥಿಮಜ್ಜೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಕ್ಯಾನ್ಸರ್ ಕೋಶ ಕಾಣುವುದಿಲ್ಲ. ಮಗು ಆಡುತ್ತಿರುತ್ತದೆ, ಊಟ ಮಾಡುತ್ತಿರುತ್ತದೆ. ತಂದೆಯ ರಜೆ ಮುಗಿದಿರುತ್ತದೆ, ಒಡವೆ ಗಿರವಿಗೆ ಹೋಗಿರುತ್ತದೆ, ಊರಿನಿಂದ ಆಸ್ಪತ್ರೆಗೆ ಒಂದು ರಾತ್ರಿಯ ಬಸ್ ಪ್ರಯಾಣ. ಇನ್ನು ಸಾಕಲ್ಲವೇ ಎಂಬ ಯೋಚನೆ ಬರುವುದು ಆಗಲೇ. ಅಲ್ಲಿ ನಿಲ್ಲಿಸಿದರೆ ಕಣ್ಣಿಗೆ ಕಾಣದೆ ಉಳಿದಿದ್ದ ರೋಗ ಮರಳುತ್ತದೆ, ಮರಳಿದ ರೋಗ ಮೊದಲಿನಷ್ಟು ಸುಲಭವಾಗಿ ಬಗ್ಗುವುದಿಲ್ಲ. ಅಂಥ ತಂದೆ ತಾಯಿಯ ಕೈಗೆ ನಾಲ್ಕು ಎಲೆಯ ವಾಕ್ಯ ಸಿಗುವುದು ನನಗೆ ಬೇಡ.

ಎಲೆಯಲ್ಲಿ ಔಷಧವಿದೆ ಎಂಬುದು ನಿಜ. ಎಲೆ ಔಷಧವಲ್ಲ ಎಂಬುದೂ ಅಷ್ಟೇ ನಿಜ. ಆ ಗಿಡದಲ್ಲಿ ಆಲ್ಕಲಾಯ್ಡು ಎಂಬ ಬಗೆಯ ರಾಸಾಯನಿಕಗಳು ನೂರಕ್ಕೂ ಹೆಚ್ಚಿವೆ. ಅವುಗಳ ನಡುವೆ ವಿನ್‌ಕ್ರಿಸ್ಟಿನ್ ಎಷ್ಟು ಕಡಿಮೆಯೆಂದರೆ, ಟನ್‌ಗಟ್ಟಲೆ ಒಣ ಎಲೆ ಸಂಸ್ಕರಿಸಿದರೂ ದಕ್ಕುವುದು ಕೆಲವೇ ಗ್ರಾಂ. ರೋಗಿಗೆ ಕೊಡುವ ಪ್ರಮಾಣವೂ ಹಾಗೆಯೇ: ದೇಹದ ಮೇಲ್ಮೈ ವಿಸ್ತೀರ್ಣ ಲೆಕ್ಕ ಹಾಕಿ ಕೊಡುತ್ತಾರೆ, ಒಂದು ಸಲಕ್ಕೆ ಸಾಮಾನ್ಯವಾಗಿ 2 ಮಿಲಿಗ್ರಾಂ ದಾಟುವುದಿಲ್ಲ. ಅದೂ ರಕ್ತನಾಳದ ಮೂಲಕ ಮಾತ್ರ.

ಇನ್ನು ಇತಿಹಾಸದ ಭಾಗ. ‘ಸಕ್ಕರೆ ಕಾಯಿಲೆಗೆ ನಮ್ಮವರು ಕೊಡುತ್ತಿದ್ದ ಮದ್ದನ್ನು ಪಾಶ್ಚಾತ್ಯರು ಕದ್ದು ಕ್ಯಾನ್ಸರಿಗೆ ಮಾರಿದರು’ ಎಂದು ಎರಡು ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ನಡೆದದ್ದು ಅದಕ್ಕಿಂತ ಸ್ವಾರಸ್ಯವಾಗಿದೆ. ಗಿಡದ ತವರು ಮಡಗಾಸ್ಕರ್. ಅಲ್ಲಿಂದ ಬಿಸಿಲು ನಾಡುಗಳಿಗೆಲ್ಲ ಹಬ್ಬಿತು. 1952ರಲ್ಲಿ ಕೆನಡಾದ ವೈದ್ಯ ಕ್ಲಾರ್ಕ್ ನೋಬಲ್ ಅವರಿಗೆ ಜಮೈಕಾದಿಂದ ಅಂಚೆಯಲ್ಲಿ ಇದರ ಎಲೆಗಳು ಬಂದವು. ಅಲ್ಲಿನ ಜನ ಮಧುಮೇಹಕ್ಕೆ ಅದರ ಕಷಾಯ ಕುಡಿಯುತ್ತಿದ್ದರು. ಕ್ಲಾರ್ಕ್ ಆ ಎಲೆಗಳನ್ನು ಸಂಶೋಧಕರಾಗಿದ್ದ ತಮ್ಮ ಸಹೋದರ ರಾಬರ್ಟ್ ನೋಬಲ್ ಅವರಿಗೆ ದಾಟಿಸಿದರು. ಬಾಯಿಂದ ಕುಡಿಸಿದಾಗ ಪ್ರಾಣಿಗಳ ರಕ್ತದ ಸಕ್ಕರೆ ಕದಲಲಿಲ್ಲ. ಸಾರವನ್ನು ಚುಚ್ಚಿ ನೋಡಿದಾಗ ಇಲಿಗಳು ಸೋಂಕು ತಗುಲಿ ಸತ್ತವು. ಯಾಕೆಂದು ಹುಡುಕಿದರೆ, ಅವುಗಳ ಬಿಳಿ ರಕ್ತಕಣಗಳು ಕುಸಿದಿದ್ದವು, ಅಸ್ಥಿಮಜ್ಜೆ ಬರಿದಾಗಿತ್ತು. ಬಿಳಿ ಕಣಗಳನ್ನು ಇಷ್ಟು ತಗ್ಗಿಸುವ ವಸ್ತು, ಅವೇ ಮಿತಿಮೀರಿ ಬೆಳೆಯುವ ರೋಗಕ್ಕೆ ಏಕೆ ಉಪಯೋಗಕ್ಕೆ ಬರಬಾರದು? ರಸಾಯನಶಾಸ್ತ್ರಜ್ಞ ಚಾರ್ಲ್ಸ್ ಬಿಯರ್ ಆ ಸಾರವನ್ನು ಶೋಧಿಸುತ್ತಾ ಹೋಗಿ, ವಿನ್‌ಕ್ರಿಸ್ಟಿನ್‌ನ ಹತ್ತಿರದ ಸಂಬಂಧಿಯಾದ ವಿನ್‌ಬ್ಲಾಸ್ಟಿನ್ ಅನ್ನು ಬೇರ್ಪಡಿಸಿದರು. ಅದೇ ಹೊತ್ತಿಗೆ ಅಮೆರಿಕದ ಎಲಿ ಲಿಲ್ಲಿ ಕಂಪನಿಯಲ್ಲಿ ಇದೇ ಗಿಡದ ಸಾರ ಲ್ಯುಕೇಮಿಯಾ ಬಂದ ಇಲಿಗಳ ಆಯುಷ್ಯ ಹೆಚ್ಚಿಸುವುದು ಕಂಡಿತ್ತು. ಅಲ್ಲಿಂದ ಬಂದ ವಿನ್‌ಕ್ರಿಸ್ಟಿನ್‌ಗೆ 1963ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಮಡಗಾಸ್ಕರಿಗೆ ಇದರ ಲಾಭದಲ್ಲಿ ಪಾಲು ಬರಲಿಲ್ಲ ಎಂಬ ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಅದು ಬೇರೆ ಲೇಖನದ ವಸ್ತು.

ಸತ್ತ ಇಲಿಗಳ ಈ ಪ್ರಸಂಗ ನಿಮ್ಮ ಬರಹದಲ್ಲಿ ಇರಲೇಬೇಕು. ಔಷಧ ಮತ್ತು ವಿಷ ಇಲ್ಲಿ ಒಂದೇ ವಸ್ತು ಎಂಬುದನ್ನು ನೀವು ಬಾಯಿಬಿಟ್ಟು ಹೇಳದೆಯೇ ಅದು ಹೇಳಿಬಿಡುತ್ತದೆ.

ಇನ್ನು ನನಗೆ ಬೇಕಾದ ಲೇಖನ. ಐದನೆಯ ಪುಟದ ನಡುವೆ ನಿಮ್ಮ ಅಕ್ಕನ ಮಗನ ಬಗ್ಗೆ ಒಂದೇ ಸಾಲಿದೆ: ‘ಮೂರನೆಯ ಇಂಜೆಕ್ಷನ್ ಆದ ಮೇಲೆ ನಡೆಯುವಾಗ ಚಪ್ಪಲಿ ಅವನ ಕಾಲಿನಿಂದ ಜಾರಿ ಹೋಗುತ್ತಿತ್ತು, ಅಕ್ಕ ಹಿಂದಿನಿಂದ ಎತ್ತಿಕೊಂಡು ಬರುತ್ತಿದ್ದಳು.’ ಇಡೀ ಲೇಖನದಲ್ಲಿ ನೀವು ಕಣ್ಣಾರೆ ಕಂಡು ಬರೆದದ್ದು ಇದೊಂದೇ. ಆದರೆ ಮರುವಾಕ್ಯದಲ್ಲೇ ಪ್ರಕೃತಿ ಮಾತೆಗೆ ಮರಳಿಬಿಟ್ಟಿದ್ದೀರಿ. ಅಲ್ಲೇ ನಿಲ್ಲಿ. ಚಪ್ಪಲಿ ಏಕೆ ಜಾರಿತು?

ಜೀವಕೋಶ ಎರಡಾಗುವ ಹೊತ್ತಿಗೆ ಟ್ಯೂಬ್ಯುಲಿನ್ ಎಂಬ ಪ್ರೋಟೀನಿನ ತುಣುಕುಗಳು ಸೇರಿ ಸೂಕ್ಷ್ಮ ನಳಿಕೆಗಳಾಗುತ್ತವೆ. ವರ್ಣತಂತುಗಳನ್ನು ಎರಡು ಬದಿಗೆ ಎಳೆಯುವುದು ಅವೇ. ವಿನ್‌ಕ್ರಿಸ್ಟಿನ್ ಟ್ಯೂಬ್ಯುಲಿನ್‌ಗೆ ಅಂಟಿಕೊಂಡು ನಳಿಕೆ ಕಟ್ಟಲು ಬಿಡುವುದಿಲ್ಲ. ವಿಭಜನೆ ಅರ್ಧಕ್ಕೆ ನಿಂತು ಕೋಶ ಸಾಯುತ್ತದೆ. ಬಿಡುವಿಲ್ಲದೆ ಒಡೆಯುವ ಕ್ಯಾನ್ಸರ್ ಕೋಶಕ್ಕೆ ಪೆಟ್ಟು ಹೆಚ್ಚು. ಆದರೆ ನರಗಳಿಗೂ ಇಂಥ ನಳಿಕೆಗಳೇ ಆಧಾರ. ಬೆನ್ನುಹುರಿಯಿಂದ ಪಾದದವರೆಗೆ ಚಾಚಿದ ನರಕ್ಕೆ ಬೇಕಾದ ಸಾಮಗ್ರಿಯೆಲ್ಲ ರೈಲು ಹಳಿಯ ಮೇಲೆಂಬಂತೆ ಇವುಗಳ ಮೇಲೆಯೇ ಸಾಗಬೇಕು. ಉದ್ದದ ನರಗಳು ಮೊದಲು ಸೋಲುತ್ತವೆ. ಬೆರಳ ತುದಿ ಜುಮುಗುಡುತ್ತದೆ, ಪಾದದ ಮುಂಭಾಗ ಮೇಲೇಳುವುದಿಲ್ಲ, ಚಪ್ಪಲಿ ನಿಲ್ಲುವುದಿಲ್ಲ. ಕರುಳಿನ ನರಗಳೂ ಸೊರಗಿ ಮಲಬದ್ಧತೆ ಕಾಡುತ್ತದೆ, ಕೆಲವರಿಗೆ ದವಡೆ ನೋಯುತ್ತದೆ. ರೋಗವನ್ನು ಕೊಲ್ಲುತ್ತಿದ್ದ ಕೆಲಸವೇ ಆ ಹುಡುಗನ ಕಾಲಿನಲ್ಲೂ ನಡೆಯುತ್ತಿತ್ತು. ಹೆಚ್ಚಿನವರಲ್ಲಿ ಇದು ತಿಂಗಳುಗಳಲ್ಲಿ ಸುಧಾರಿಸುತ್ತದೆ, ಎಲ್ಲರಲ್ಲೂ ಪೂರ್ತಿ ಅಲ್ಲ. ವೈದ್ಯರಿಗೆ ಬೇಗ ತಿಳಿಸಿದರೆ ಪ್ರಮಾಣ ಬದಲಿಸುವ, ವ್ಯಾಯಾಮ ಹೇಳಿಕೊಡುವ ದಾರಿಗಳಿವೆ. ಕೆಲವು ಶಿಲೀಂಧ್ರನಾಶಕ ಮಾತ್ರೆಗಳು ಜೊತೆಗೆ ಸೇರಿದರೆ ಈ ತೊಂದರೆ ಉಲ್ಬಣಿಸುತ್ತದೆ. ಹಾಗಾಗಿ ಬೇರೆ ಔಷಧ ಯಾವುದೇ ಇರಲಿ, ನಾಟಿ ಮದ್ದೂ ಸೇರಿ, ವೈದ್ಯರಿಗೆ ಹೇಳಲೇಬೇಕು. ಇದನ್ನು ಬರೆಯಿರಿ, ಒಂದು ಮನೆಗಾದರೂ ಉಪಯೋಗಕ್ಕೆ ಬರುತ್ತದೆ.

ಮುಂದೆ ವಾರ್ಡಿಗೆ ಬನ್ನಿ. ನಿಮ್ಮ ಲೇಖನದಲ್ಲಿ ಆಸ್ಪತ್ರೆಯೇ ಇಲ್ಲ. ಈ ಔಷಧ ರಕ್ತನಾಳದಿಂದ ಹೊರಗೆ ಸೋರಿದರೆ ಅಲ್ಲಿನ ಮಾಂಸ ಕೊಳೆಯಬಹುದು. ಆದ್ದರಿಂದಲೇ ದಾದಿ ರಕ್ತ ಸರಾಗವಾಗಿ ಬರುತ್ತಿದೆಯೇ ಎಂದು ನೋಡಿಯೇ ಕೊಡುತ್ತಾರೆ, ಉರಿಯುತ್ತಿದೆಯೇ ಎಂದು ಮಗುವನ್ನು ಕೇಳುತ್ತಲೇ ಇರುತ್ತಾರೆ. ಇನ್ನೂ ದೊಡ್ಡ ಅಪಾಯವೊಂದಿದೆ. ಈ ಮಕ್ಕಳಿಗೆ ಬೆನ್ನುಹುರಿಯ ದ್ರವಕ್ಕೂ ಮೆಥೊಟ್ರೆಕ್ಸೇಟ್ ಎಂಬ ಬೇರೆ ಔಷಧ ಕೊಡುತ್ತಾರೆ. ಸಿರಿಂಜು ಅದಲುಬದಲಾಗಿ ವಿನ್‌ಕ್ರಿಸ್ಟಿನ್ ಬೆನ್ನಿಗೆ ಹೋದರೆ ಬದುಕುವುದು ತೀರಾ ಅಪರೂಪ. ಹಲವು ದೇಶಗಳಲ್ಲಿ ಹೀಗೆ ಸಾವುಗಳಾದ ಮೇಲೆ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಎಚ್ಚರಿಕೆ ಹೊರಡಿಸಿ, ಸಿರಿಂಜಿನ ಬದಲು ಪುಟ್ಟ ಸಲೈನ್ ಚೀಲದಲ್ಲಿ ಬೆರೆಸಿ ಕೊಡಲು ಹೇಳಿತು. ಚೀಲವನ್ನು ಯಾರೂ ಬೆನ್ನಿಗೆ ಚುಚ್ಚಲು ಹೋಗುವುದಿಲ್ಲ. ಇಷ್ಟು ಸರಳ ಉಪಾಯ! ನಿಮ್ಮ ಸ್ತುತಿಯೆಲ್ಲ ಇಂಥದ್ದಕ್ಕೆ ಸಲ್ಲಬೇಕಿತ್ತು.

‘ಒಂದೇ ಗಿಡ ಗೆದ್ದಿತು’ ಎಂಬ ಉಪಶೀರ್ಷಿಕೆ ತೆಗೆಯಿರಿ. ಒಂದೊಂದೇ ಔಷಧ ಕೊಡುತ್ತಿದ್ದ ಕಾಲದಲ್ಲಿ ರೋಗ ಕೆಲವು ತಿಂಗಳು ಮರೆಯಾಗಿ ಮತ್ತೆ ಬರುತ್ತಿತ್ತು. 1960ರ ದಶಕದ ಆರಂಭದಲ್ಲಿ ಅಮೆರಿಕದ ವೈದ್ಯರಾದ ಎಮಿಲ್ ಫ್ರೈ ಮತ್ತು ಎಮಿಲ್ ಫ್ರೈರೈಖ್ ವಿನ್‌ಕ್ರಿಸ್ಟಿನ್ ಸೇರಿ ನಾಲ್ಕು ಔಷಧಗಳನ್ನು ಒಟ್ಟಿಗೆ ಕೊಟ್ಟು ನೋಡುವ ಧೈರ್ಯ ಮಾಡಿದರು. ಇಂದಿಗೂ ವಿನ್‌ಕ್ರಿಸ್ಟಿನ್ ಸ್ಟಿರಾಯ್ಡ್, ಆಸ್ಪರಾಜಿನೇಸ್ ಮೊದಲಾದ ಔಷಧಗಳ ಜೊತೆಯಲ್ಲೇ ಬರುತ್ತದೆ. ಶ್ರೀಮಂತ ದೇಶಗಳಲ್ಲಿ ಈ ರೋಗ ಬಂದ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಂದಿ ಈಗ ಬದುಕುತ್ತಾರೆ. ಗೆದ್ದದ್ದು ಆ ಕೂಟ ಮತ್ತು ತಪ್ಪದ ವೇಳಾಪಟ್ಟಿ.

ಸಣ್ಣವು: ವಿನ್‌ಕ್ರಿಸ್ಟಿನ್, ವಿನ್‌ಬ್ಲಾಸ್ಟಿನ್ ಎರಡನ್ನೂ ಒಂದರ ಬದಲು ಇನ್ನೊಂದು ಎಂಬಂತೆ ಬಳಸಿದ್ದೀರಿ. ಅಣುವಿನಲ್ಲಿ ವ್ಯತ್ಯಾಸ ಚಿಕ್ಕದು, ದೇಹದಲ್ಲಿ ದೊಡ್ಡದು. ಮೊದಲನೆಯದು ನರಗಳನ್ನು ಹೆಚ್ಚು ಕಾಡಿದರೆ ಎರಡನೆಯದು ಅಸ್ಥಿಮಜ್ಜೆಯನ್ನು. ಹಾಜ್‌ಕಿನ್ ಲಿಂಫೋಮಾ ಎಂಬ ದುಗ್ಧರಸ ಗ್ರಂಥಿಗಳ ಕ್ಯಾನ್ಸರಿನಲ್ಲಿ ಬಳಸುವ ಪ್ರಸಿದ್ಧ ಔಷಧ ಕೂಟವೊಂದರಲ್ಲಿ ಇರುವುದು ಎರಡನೆಯದು. ಇನ್ನು ಚಿತ್ರ. ನೀವು ಕಳುಹಿಸಿರುವುದು ಕಾಶಿಕಣಗಿಲೆಯ ಚಿತ್ರವಲ್ಲ, ಬೇಲಿಯ ಕಣಗಿಲೆಯದು. ಅದರ ಎಲೆ ಹೃದಯವನ್ನೇ ನಿಲ್ಲಿಸಬಲ್ಲದು. ನಾಲ್ಕು ಎಲೆಯ ವಾಕ್ಯದ ಪಕ್ಕದಲ್ಲಿ ಆ ಚಿತ್ರ ಅಚ್ಚಾಗಿದ್ದರೆ ಏನಾಗುತ್ತಿತ್ತೆಂದು ನೀವೇ ಊಹಿಸಿ.

ಹೊಸ ಕರಡನ್ನು ಮೊದಲು ನಿಮ್ಮ ಅಕ್ಕನ ಮಗನಿಗೆ ಓದಲು ಕೊಡಿ. ಈಗ ಅವನು ಪಿಯುಸಿಯಲ್ಲಿದ್ದಾನೆ ಎಂದು ಬರೆದಿದ್ದೀರಿ, ತನ್ನ ಕಾಲಿನ ಕಥೆ ಅಚ್ಚಾಗಬೇಕೋ ಬೇಡವೋ ಎಂದು ಹೇಳಬೇಕಾದವನು ಅವನೇ. ಒಪ್ಪಿದರೂ ಹೆಸರು, ಊರು ಬೇಡ. ಒಪ್ಪದಿದ್ದರೆ ಆ ಭಾಗ ಬಿಟ್ಟು, ಕೀಮೋ ವಾರ್ಡಿನ ದಾದಿಯೊಬ್ಬರನ್ನು ಮಾತನಾಡಿಸಿ ಅವರ ಬೆಳಗಿನ ಕೆಲಸದಿಂದ ಆರಂಭಿಸಿ. ಆಮೇಲೆ ಕ್ಯಾನ್ಸರ್ ತಜ್ಞರೊಬ್ಬರಿಗೆ ತೋರಿಸಿ, ಅವರ ತಿದ್ದುಪಡಿಗಳಿರುವ ಪ್ರತಿಯನ್ನೂ ಜೊತೆಗೇ ಕಳುಹಿಸಿ. ಎಂಟು ಪುಟ ಆರಾದರೆ ಒಳ್ಳೆಯದು. ಮುಂದಿನ ತಿಂಗಳ ಕೊನೆಯವರೆಗೆ ಈ ಜಾಗವನ್ನು ನಿಮಗಾಗಿ ಕಾದಿರಿಸಿರುತ್ತೇನೆ.

ವಿಶ್ವಾಸದಿಂದ,
ಸಂಪಾದಕ