ಮ್ಯಾರೇಜ್ ಇನ್ವಿಟೇಷನ್ನೋ, ವೆಡ್ಡಿಂಗ್ ಇನ್ವಿಟೇಷನ್ನೋ?

ಮಾನ್ಯರೇ,

ಮಗಳ ಲಗ್ನಪತ್ರಿಕೆಯನ್ನು ಇಂಗ್ಲಿಷಿನಲ್ಲೂ ಅಚ್ಚು ಹಾಕಿಸುತ್ತಿದ್ದೀರಿ. ಮೇಲೆ ‘ಮ್ಯಾರೇಜ್ ಇನ್ವಿಟೇಷನ್’ ಎಂದಿರಬೇಕೋ ‘ವೆಡ್ಡಿಂಗ್ ಇನ್ವಿಟೇಷನ್’ ಎಂದಿರಬೇಕೋ ಎಂದು ಮನೆಯಲ್ಲಿ ಎರಡು ಪಕ್ಷವಾಗಿದೆ, ಭಾವೀ ಅಳಿಯನ ಸಹೋದ್ಯೋಗಿಗಳು ಲಂಡನ್ನಿನಿಂದ ಬರುವವರಿದ್ದಾರೆ, ನಗೆಪಾಟಲಾಗಬಾರದು ಎಂದು ಬರೆದಿದ್ದೀರಿ. ಮ್ಯಾಟ್ರಿಮನಿ, ವೆಡ್‌ಲಾಕ್ ಕೂಡ ಇದೇ ಅರ್ಥದವೇ ಎಂದೂ ಕೇಳಿದ್ದೀರಿ.

‘ವೆಡ್ಡಿಂಗ್ ಇನ್ವಿಟೇಷನ್’ ಎಂದೇ ಹಾಕಿಸಿ. ಧಾರೆ, ಮಾಂಗಲ್ಯಧಾರಣೆ, ಊಟ, ಫೋಟೊ ಎಲ್ಲ ಸೇರಿದ ಸಮಾರಂಭ ವೆಡ್ಡಿಂಗ್. ಅಲ್ಲಿಂದಾಚೆ ಗಂಡ-ಹೆಂಡತಿಯಾಗಿ ಬಾಳುವುದು ಮ್ಯಾರೇಜ್. ವೆಡ್ಡಿಂಗ್ ಮೂರು ದಿನ ಅದ್ದೂರಿಯಾಗಿ ನಡೆದು, ಮ್ಯಾರೇಜ್ ಮೂರೇ ತಿಂಗಳಿಗೆ ಮುರಿಯಬಹುದು. ಹಾಗಾಗಿ ಕಾರ್ಡು, ಉಂಗುರ, ಉಡುಗೊರೆಗಳೆಲ್ಲ ವೆಡ್ಡಿಂಗ್‌ಗೆ ಸೇರಿದವು. ಸರ್ಟಿಫಿಕೇಟು, ಕೌನ್ಸೆಲಿಂಗು ಮ್ಯಾರೇಜ್‌ಗೆ. ನಾವು ವರ್ಷವರ್ಷವೂ ಹಾರೈಸುವ ‘ಮ್ಯಾರೇಜ್ ಆನಿವರ್ಸರಿ’ಯನ್ನು ಇಂಗ್ಲೆಂಡಿನವರು ‘ವೆಡ್ಡಿಂಗ್ ಆನಿವರ್ಸರಿ’ ಎನ್ನುತ್ತಾರೆ, ಏಕೆಂದರೆ ನೆನೆಯುವುದು ಆ ದಿನವನ್ನು.

ಆದರೆ ನಿಮ್ಮ ಮನೆಯ ‘ಮ್ಯಾರೇಜ್’ ಪಕ್ಷ ಪೂರ್ತಿ ಸೋತಿಲ್ಲ. ಇಂಗ್ಲೆಂಡಿನ ಸಾಂಪ್ರದಾಯಿಕ ಕಾರ್ಡಿನ ಒಳಗಿನ ಒಕ್ಕಣೆಯೇ ಹೀಗಿದೆ: ತಂದೆತಾಯಿಯ ಹೆಸರು, ನಂತರ ‘ರಿಕ್ವೆಸ್ಟ್ ದ ಪ್ಲೆಷರ್ ಆಫ್ ಯುವರ್ ಕಂಪನಿ ಅಟ್ ದ ಮ್ಯಾರೇಜ್ ಆಫ್ ದೇರ್ ಡಾಟರ್’, ಅದರ ಕೆಳಗೆ ವಧುವಿನ ಹೆಸರು, ‘ಟು’, ವರನ ಹೆಸರು. ಗಂಭೀರ ಬರವಣಿಗೆಯಲ್ಲಿ ಮ್ಯಾರೇಜ್ ವಿವಾಹವಿಧಿಗೂ ಸಲ್ಲುತ್ತದೆ. ವೆಡ್ಡಿಂಗ್ ಮಾತ್ರ ದಾಂಪತ್ಯಕ್ಕೆ ಸಲ್ಲುವುದಿಲ್ಲ. ಆದ್ದರಿಂದ ಮೇಲೆ ವೆಡ್ಡಿಂಗ್, ಒಳಗೆ ಮ್ಯಾರೇಜ್ ಇದ್ದರೆ ಇಬ್ಬರ ಮಾತೂ ಉಳಿಯುತ್ತದೆ.

ಆ ‘ಟು’ವನ್ನು ಪ್ರೆಸ್ಸಿನವರು ‘ವಿತ್’ ಎಂದು ತಿದ್ದದಂತೆ ಪ್ರೂಫಿನಲ್ಲಿ ನೋಡಿಕೊಳ್ಳಿ. ‘ಇಂಥವರ ಜೊತೆ ಮದುವೆ’ ಎನ್ನುವ ನಮಗೆ ‘ವಿತ್’ ತಾನಾಗಿ ಬರುತ್ತದೆ. ‘ಮ್ಯಾರೇಜ್ ವಿತ್’ ಹಳೆಯ ಕಾನೂನು ಬರವಣಿಗೆಯಲ್ಲಿ ಇದ್ದದ್ದೇ, ಅದನ್ನು ಕ್ಷಮಿಸಬಹುದು. ‘ಮ್ಯಾರಿ’ ಎಂಬ ಕ್ರಿಯಾಪದದ ನಂತರ ‘ವಿತ್’ ಬಂದರೆ ತಪ್ಪು. ‘ಷಿ ಮ್ಯಾರಿಡ್ ಅ ಡಾಕ್ಟರ್’ ಅಥವಾ ‘ಷಿ ಈಸ್ ಮ್ಯಾರಿಡ್ ಟು ಅ ಡಾಕ್ಟರ್’, ಇವೆರಡೇ ಸರಿ. ‘ಮ್ಯಾರಿಡ್ ವಿತ್ ಟೂ ಚಿಲ್ಡ್ರನ್’ ಎಂಬುದು ಬೇರೆ ಸಂಗತಿ: ಮದುವೆಯಾಗಿದೆ, ಇಬ್ಬರು ಮಕ್ಕಳಿದ್ದಾರೆ ಎಂದರ್ಥ. ಹಾಗೆಯೇ ‘ಗಾಟ್ ಮ್ಯಾರಿಡ್ ಇನ್ 2010’ ಎಂದರೆ ಆ ವರ್ಷ ಮದುವೆಯಾಯಿತು. ‘ಹ್ಯಾವ್ ಬೀನ್ ಮ್ಯಾರಿಡ್ ಸಿನ್ಸ್ 2010’ ಎಂದರೆ ಅಂದಿನಿಂದ ದಂಪತಿಗಳು. ಎರಡನ್ನೂ ಕಲಸಿ ‘ಗಾಟ್ ಮ್ಯಾರಿಡ್ ಸಿನ್ಸ್’ ಎಂದರೆ ಕೇಳಿದವರಿಗೆ ದಿಕ್ಕು ತಪ್ಪುತ್ತದೆ.

ಛತ್ರದ ಬಾಗಿಲಿನ ಹೂವಿನ ಬೋರ್ಡಿನಲ್ಲಿರುವ ‘ವೆಡ್ಸ್’ ವ್ಯಾಕರಣಕ್ಕೆ ಸರಿಯೇ. ಅದು ಪತ್ರಿಕೆಗಳ ತಲೆಬರಹದ ಭಾಷೆ, ಮಾತಿನಲ್ಲಿ ವಿರಳ. ಹಳೆಯ ಇಂಗ್ಲಿಷಿನಲ್ಲಿ ‘ವೆಡ್’ ಎಂದರೆ ಒತ್ತೆ, ಕೊಟ್ಟ ವಚನ. ವೆಡ್‌ಲಾಕ್‌ನಲ್ಲಿರುವ ‘ಲಾಕ್’ ಬೀಗವಲ್ಲ, ಕ್ರಿಯೆಯನ್ನು ಸೂಚಿಸುತ್ತಿದ್ದ ಹಳೆಯ ಪ್ರತ್ಯಯ. ಮದುವೆಯೆಂದರೆ ಬೀಗ ಎಂದು ಆರತಕ್ಷತೆಯ ಮೈಕಿನಲ್ಲಿ ಹಾಸ್ಯ ಮಾಡುವವರಿಗೆ ಬೇಕಿದ್ದರೆ ತಿಳಿಸಿ. ಈ ಪದ ಇಂದು ಹೆಚ್ಚಾಗಿ ಉಳಿದಿರುವುದು ವಿವಾಹದ ಹೊರಗೆ ಹುಟ್ಟಿದ ಮಕ್ಕಳ ಪ್ರಸ್ತಾಪದಲ್ಲಿ. ಕಾರ್ಡಿನ ಹತ್ತಿರಕ್ಕೂ ತರಬೇಡಿ. ಮ್ಯಾಟ್ರಿಮನಿ ಚರ್ಚಿನ, ಕಾನೂನಿನ ಪದ. ‘ಹುಡುಗಿಯ ಫೋಟೊ ಮ್ಯಾಟ್ರಿಮನಿಯಲ್ಲಿ ಹಾಕಿದ್ದೇವೆ’ ಎಂಬ ನಮ್ಮ ಬಳಕೆ ಲಂಡನ್ನಿನ ಅತಿಥಿಗಳಿಗೆ ಅರ್ಥವಾಗದು.

ಅಳಿಯನಾಗುವವರನ್ನು ‘ವುಡ್-ಬಿ’ ಎಂದು ಪರಿಚಯಿಸಬೇಡಿ. ಇಂಗ್ಲಿಷಿನಲ್ಲಿ ಅದು ಏನೋ ಆಗಬೇಕೆಂದು ಹಂಬಲಿಸುವ, ಬಹಳ ಸಲ ಆಗದೇ ಹೋಗುವವನಿಗೆ ಹೇಳುವ ಮಾತು. ‘ಫಿಯಾನ್ಸೆ’ ಎನ್ನಿ. ಬರೆಯುವಾಗ ವರನಿಗೆ ಕೊನೆಯಲ್ಲಿ ಒಂದು ‘ಇ’, ವಧುವಿಗೆ ಎರಡು, ಉಚ್ಚಾರ ಒಂದೇ.

ನಿಜವಾಗಿ ಎಡವಟ್ಟಾಗುವುದು ‘ರಿಸೆಪ್ಷನ್’ ಎಂಬಲ್ಲಿ. ಅವರಿಗೆ ರಿಸೆಪ್ಷನ್ ಎಂದರೆ ಮದುವೆ ಮುಗಿದ ಮೇಲಿನ ಔತಣ. ನಮ್ಮಲ್ಲಿ ಎಷ್ಟೋ ಕಡೆ ಆರತಕ್ಷತೆ ಹಿಂದಿನ ಸಂಜೆಯೇ. ಕಾರ್ಡಿನಲ್ಲಿ ಶನಿವಾರ ಸಂಜೆ ರಿಸೆಪ್ಷನ್, ಭಾನುವಾರ ಬೆಳಿಗ್ಗೆ ಮುಹೂರ್ತ ಎಂದು ಬರೀ ನಮೂದಿಸಿದರೆ, ಶನಿವಾರ ಉಂಡು, ಮುಖ್ಯ ಕಾರ್ಯ ಮುಗಿಯಿತೆಂದು ಭಾನುವಾರ ಅವರು ಮೈಸೂರು ನೋಡಲು ಹೊರಟಾರು. ರಿಸೆಪ್ಷನ್ ಪಕ್ಕದಲ್ಲಿ ‘ಈವ್ನಿಂಗ್ ಬಿಫೋರ್ ದ ವೆಡ್ಡಿಂಗ್’ ಎಂದು ಸೇರಿಸಿ. ‘ಮುಹೂರ್ತ’ವನ್ನು ಹಾಗೇ ಇಟ್ಟು, ಎದುರಿಗೆ ‘ವೆಡ್ಡಿಂಗ್ ಸೆರಮನಿ’ ಎಂದೂ ಗಂಟೆಯನ್ನೂ ಬರೆಸಿ.

ನೀವು ಕೇಳದ ಒಂದು ಮಾತು. ಮದುವೆಯ ನಂತರ ಮಗಳು ವೀಸಾ ಅರ್ಜಿ ತುಂಬುವಾಗ ‘ಡೇಟ್ ಆಫ್ ಮ್ಯಾರೇಜ್’ ಎಂಬಲ್ಲಿ ಧಾರೆಯಾದ ದಿನಾಂಕವನ್ನೇ ಹಾಕಲಿ, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ ದಿನಾಂಕವನ್ನಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಮದುವೆಯಾಗುವುದು ಶಾಸ್ತ್ರದಿಂದ. ನೋಂದಣಿ ಅದಕ್ಕೆ ಪುರಾವೆ. ವಿಧಿಯೇ ನಡೆಯದಿದ್ದರೆ ಬರೀ ನೋಂದಣಿಯಿಂದ ಹಿಂದೂ ವಿವಾಹ ಸಿಂಧುವಾಗದೆಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. 1954ರ ವಿಶೇಷ ವಿವಾಹ ಕಾಯ್ದೆಯಡಿ, 30 ದಿನಗಳ ನೋಟಿಸಿನ ನಂತರ ವಿವಾಹಾಧಿಕಾರಿಯ ಎದುರಿಗೇ ಮದುವೆಯಾದವರಿಗೆ ಆ ದಿನವೇ ಮದುವೆಯ ದಿನ. ಜನ ಇದನ್ನು ‘ಕೋರ್ಟ್ ಮ್ಯಾರೇಜ್’ ಎನ್ನುತ್ತಾರೆ. ಅಲ್ಲಿ ಕೋರ್ಟೂ ಇಲ್ಲ, ಜಡ್ಜೂ ಇಲ್ಲ. ಸರ್ಟಿಫಿಕೇಟು ಕೈಗೆ ಬಂದ ಕೂಡಲೇ ಮದುವೆಯ, ನೋಂದಣಿಯ ಎರಡೂ ದಿನಾಂಕ ಸರಿಯಿವೆಯೇ, ಎರಡೂ ಹೆಸರಿನ ಅಕ್ಷರಗಳು ಪಾಸ್‌ಪೋರ್ಟಿಗೆ ತಾಳೆಯಾಗುತ್ತವೆಯೇ ಎಂದು ಕೌಂಟರಿನಲ್ಲೇ ನೋಡಿಕೊಳ್ಳಿ.

– ಸಂಪಾದಕ