ಓದುಗರ ಪ್ರಶ್ನೆ: ಹದಿನೈದು ದಿನಕ್ಕೆ ಎಷ್ಟು ಟಿಎಂಸಿ?

ಪ್ರಶ್ನೆ: ಕಳೆದ ಸಂಚಿಕೆಯ ಕಾವೇರಿ ಲೇಖನದಲ್ಲಿ 2023ರ ಸೆಪ್ಟೆಂಬರ್ ಆದೇಶದ ಮಾತಿತ್ತು: ತಮಿಳುನಾಡಿಗೆ 15 ದಿನ, 5,000 ಕ್ಯೂಸೆಕ್. ಹಾಗಾದರೆ ಕೆಆರ್‌ಎಸ್ ಎಷ್ಟು ಖಾಲಿಯಾಗುತ್ತದೆ? ಟಿವಿಯವರು ಅಡಿ ಹೇಳುತ್ತಾರೆ, ಪತ್ರಿಕೆಯವರು ಟಿಎಂಸಿ. ತಲೆ ಕೆಡುತ್ತದೆ.
(ಪಾಂಡವಪುರದ ಓದುಗರು)

ಉತ್ತರ: ಸೆಕೆಂಡಿಗೆ ಒಂದು ಘನ ಅಡಿ ಹರಿದರೆ ಅದು ಕ್ಯೂಸೆಕ್. ನೂರು ಕೋಟಿ ಘನ ಅಡಿ ನಿಂತಿದ್ದರೆ ಅದು ಟಿಎಂಸಿ. ದಿನಕ್ಕೆ 86,400 ಸೆಕೆಂಡು. ಆದ್ದರಿಂದ 11,574 ಕ್ಯೂಸೆಕ್ ಇಡೀ ದಿನ ಹರಿದರೆ ಒಂದು ಟಿಎಂಸಿ. ಈ ಸಂಖ್ಯೆಯೊಂದನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಿ. 5,000 ಗುಣಿಸು 15, ಭಾಗಿಸು 11,574: ಸುಮಾರು ಆರೂವರೆ ಟಿಎಂಸಿ.

ಆದರೆ ಅಷ್ಟೂ ಕೆಆರ್‌ಎಸ್ ಲೆಕ್ಕಕ್ಕೆ ಬರುವುದಿಲ್ಲ. ಅಳತೆ ನಡೆಯುವುದು ತಮಿಳುನಾಡು ಗಡಿಯ ಬಿಳಿಗುಂಡ್ಲು ಮಾಪನ ಕೇಂದ್ರದಲ್ಲಿ. ಕಬಿನಿಯಿಂದ ಬಿಟ್ಟದ್ದೂ ಅಣೆಕಟ್ಟೆಗಳ ಕೆಳಗೆ ಬಿದ್ದ ಮಳೆಯೂ ಅಲ್ಲಿ ಸೇರುತ್ತದೆ.

ಅಡಿಯ ಲೆಕ್ಕ ಇನ್ನೂ ಮೋಸದ್ದು. ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ, ಆಗ ಸಂಗ್ರಹ 49.45 ಟಿಎಂಸಿ. ನೂರಡಿ ಇದ್ದಾಗ ಮುಕ್ಕಾಲು ಭಾಗ ನೀರಿದೆ ಎಂದುಕೊಂಡರೆ ತಪ್ಪು, ಇರುವುದು ಅರ್ಧಕ್ಕಿಂತ ಕಡಿಮೆ. ತಳ ಕಿರಿದು, ಮೇಲೆ ಹೋದಷ್ಟೂ ಹಿನ್ನೀರು ಹರಡುತ್ತದೆ. ಹಾಗಾಗಿ 'ಒಂದಡಿ ಏರಿಕೆ' ಎಂಬ ಶೀರ್ಷಿಕೆ 85ರಲ್ಲಿದ್ದಾಗ ಒಂದು ತೂಕ, 120ರಲ್ಲಿದ್ದಾಗ ಇನ್ನೊಂದು. ಮತ್ತೆ, ಪತ್ರಿಕೆಯ 'ಹೊರಹರಿವು' ಅಂಕಿಯಲ್ಲಿ ನಾಲೆಗೆ ಬಿಟ್ಟ ನೀರೂ ಇರುತ್ತದೆ. ಅದನ್ನೆಲ್ಲ ತಮಿಳುನಾಡಿನ ಖಾತೆಗೆ ಹಾಕಿ ಕೂಗಾಡುವುದು ಟಿವಿ ಚರ್ಚೆಗಳ ಹಳೇ ಚಾಳಿ.

ಪ್ರಶ್ನೆ: ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದವರು ನಾವು. ನೀರು ಏಕೆ ಬರಲಿಲ್ಲವೆಂದು ಮಾಹಿತಿ ಹಕ್ಕಿನಲ್ಲಿ ಕೇಳಿದರೆ 'ಇದು ಮಾಹಿತಿಯಲ್ಲ' ಎಂಬ ಉತ್ತರ ಬಂತು.
(ಮಳವಳ್ಳಿ ತಾಲ್ಲೂಕಿನ ರೈತರು)

ಉತ್ತರ: 'ಏಕೆ' ಎಂದು ಕೇಳಿದ್ದೇ ಎಡವಟ್ಟು. ಕಡತದಲ್ಲಿ ಇರುವುದನ್ನು ಕೊಡಬೇಕೇ ಹೊರತು, ಹೊಸದಾಗಿ ಕಾರಣ ಬರೆದುಕೊಡುವ ಹೊಣೆ ಅಧಿಕಾರಿಗಿಲ್ಲ. ಹೀಗೆ ಬರೆಯಿರಿ: 'ಇಂಥ ವಿತರಣಾ ನಾಲೆಯಲ್ಲಿ ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ದಿನವಹಿ ನೀರಿನ ಮಟ್ಟ ದಾಖಲಿಸಿದ ಪುಸ್ತಕದ ದೃಢೀಕೃತ ಪ್ರತಿ; ಅದೇ ಅವಧಿಯ ಕಟ್ಟು ಪದ್ಧತಿ (ಸರದಿಯಂತೆ ನೀರು ಬಿಡುವ) ವೇಳಾಪಟ್ಟಿಯ ಪ್ರತಿ.' ಎರಡನ್ನೂ ಪಕ್ಕಪಕ್ಕ ಇಟ್ಟರೆ ನಿಮ್ಮ 'ಏಕೆ' ಅಲ್ಲೇ ಬಿಚ್ಚಿಕೊಳ್ಳುತ್ತದೆ.

ನಮೂನೆ 'ಎ', 10 ರೂಪಾಯಿ ಪೋಸ್ಟಲ್ ಆರ್ಡರ್, ಒಂದೇ ವಿಷಯ, 150 ಪದದೊಳಗೆ. ಈ ಮಿತಿ ಕರ್ನಾಟಕದ ನಿಯಮ, ಮೀರಿದರೆ ತಿರಸ್ಕರಿಸಲು ನೆಪ ಸಿಗುತ್ತದೆ. ಕಾವೇರಿ ನೀರಾವರಿ ನಿಗಮದ ನಿಮ್ಮ ವಿಭಾಗದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಸಲ್ಲಿಸಿ, ಸ್ವೀಕೃತಿ ಪಡೆಯಿರಿ. ಕಚೇರಿ ತಪ್ಪಿದ್ದರೆ 5 ದಿನದೊಳಗೆ ವರ್ಗಾಯಿಸುವುದು ಅವರ ಕೆಲಸ. 30 ದಿನ ಕಳೆದರೂ ಉತ್ತರವಿಲ್ಲದಿದ್ದರೆ ಮುಂದಿನ 30 ದಿನದಲ್ಲಿ ಮೊದಲ ಮೇಲ್ಮನವಿ. ಗಡುವು ಮೀರಿ ಕೊಟ್ಟ ಪ್ರತಿಗೆ ಶುಲ್ಕವಿಲ್ಲ.

ಪ್ರಶ್ನೆ: ಕೆಆರ್‌ಎಸ್ ಗೇಟು ತೆರೆದ ವಿಡಿಯೊ ವಾಟ್ಸ್‌ಆ್ಯಪ್‌ನಲ್ಲಿ ಬಂದರೆ ನಿಜವೋ ಎಐ ಕರಾಮತ್ತೋ ತಿಳಿಯುವುದು ಹೇಗೆ?
(ಮೈಸೂರಿನ ಓದುಗರು)

ಉತ್ತರ: ಎಐಗಿಂತ ಹಳೇ ವಿಡಿಯೊಗಳದ್ದೇ ಕಾಟ ಜಾಸ್ತಿ. ವಿಡಿಯೊ ನಿಲ್ಲಿಸಿ, ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಹಾಕಿ. ಹಿಂದಿನ ವರ್ಷಗಳ ಚಿತ್ರವಾದರೆ ಬಹುಪಾಲು ಸಿಕ್ಕಿಬೀಳುತ್ತದೆ. ಆ ದಿನದ ಹೊರಹರಿವನ್ನೂ ನೋಡಿ. ಸಂದೇಶ ಲಕ್ಷ ಕ್ಯೂಸೆಕ್ ಎನ್ನುತ್ತಿದ್ದು, ರಂಗನತಿಟ್ಟಿನಲ್ಲಿ ದೋಣಿ ವಿಹಾರ ಎಂದಿನಂತೆ ನಡೆದಿದ್ದರೆ, ಆ ವಿಡಿಯೊ ಇವತ್ತಿನದಲ್ಲ.